ಒಡೆದ ಟ್ಯಾಬು, ಒರಿಜಿನಲ್ ಗಾಜು

ಮಕ್ಕಳೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಟ್ಯಾಬ್ ಒಡೆದದ್ದು ಮೊಮ್ಮಗಳು ಪುಟ್ಟಿಯಿಂದಲ್ಲ, ನನ್ನಿಂದ. ಕನ್ನಡಕ ಹುಡುಕುತ್ತಾ ಸುಸ್ತಾಗಿ ಬೆತ್ತದ ಕುರ್ಚಿಯಲ್ಲಿ ಕೂತೆ. ಕನ್ನಡಕ ಹಣೆಯ ಮೇಲಿತ್ತು, ಟ್ಯಾಬ್ ಕುರ್ಚಿಯ ಮೇಲಿತ್ತು. ಲಟಕ್ಕೆಂದಿತು.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ 5,200 ರೂಪಾಯಿ, ಅದೂ ಹನ್ನೆರಡು ದಿನ ಕಾಯಬೇಕು. ಮಾರುಕಟ್ಟೆ ಬಳಿಯ ಒಂದು ಅಂಗಡಿಯವನು, "1,600 ಕೊಡಿ ಸಾರ್, ಒರಿಜಿನಲ್ ಹಾಕ್ತೀನಿ, ಸಂಜೆಗೆ ರೆಡಿ" ಎಂದ. ಡಬ್ಬಿಯ ಮೇಲೆ ಕಂಪನಿಯ ಗುರುತು ಲಕಲಕ ಹೊಳೆಯುತ್ತಿತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟನ್ನು ಬೆಳಕಿಗೆ ಹಿಡಿದು ಅಸಲಿ ನಕಲಿ ನೋಡಿದವನು ನಾನು. ಆ ಡಬ್ಬಿಯನ್ನು ನಂಬಿದೆ. ಬಿಲ್ ಕೂಡ ಕೇಳಲಿಲ್ಲ.

ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಚಾರ್ಜಿಗೆ ಹಾಕಿದಾಗೆಲ್ಲ ಪರದೆಯ ಮೇಲೆ ಏನೇನೋ ತಾನಾಗಿ ತೆರೆದುಕೊಳ್ಳತೊಡಗಿತು. "ತಾತ, ದೆವ್ವ ಒತ್ತುತ್ತಿದೆ" ಎಂದು ಪುಟ್ಟಿ ನಕ್ಕಳು. ನಾನೂ ನಕ್ಕೆ.

ದಸರಾ ರಜೆಯಲ್ಲಿ ಮಗ, ಸೊಸೆ, ಪುಟ್ಟಿ ಬೀಗರ ಊರಿಗೆ ಹೋಗಿದ್ದರು. ಮನೆಯಲ್ಲಿ ನಾವು ಮುದುಕ ಮುದುಕಿ ಇಬ್ಬರೇ. ಒಂದು ರಾತ್ರಿ ಶಿಕಾಗೋದಲ್ಲಿರುವ ಮಗಳ ಜೊತೆ ಮಾತಾಡಿ, ವಿಡಿಯೋ ಕಾಲಿನ ಆ್ಯಪ್ ಮುಚ್ಚದೆ ಟ್ಯಾಬನ್ನು ಚಾರ್ಜಿಗೆ ಹಾಕಿ ಮಲಗಿದೆ. ಆ ಸುಳ್ಳು ಸ್ಪರ್ಶಗಳು ಪರದೆಯನ್ನು ಆರಲು ಬಿಟ್ಟಿಲ್ಲ. ಒಂದೂವರೆ ಗಂಟೆಗೆ ಟ್ಯಾಬ್ ತಾನೇ ಮಗಳಿಗೆ ಕರೆ ಮಾಡಿದೆ. ಅವಳಿಗೆ ಅದು ನಡು ಮಧ್ಯಾಹ್ನ. ನೋಡಿದರೆ ಬರೀ ಕತ್ತಲು, ತಿರುಗುವ ಫ್ಯಾನು, "ಅಪ್ಪಾ, ಅಮ್ಮಾ" ಎಂದು ಕೂಗಿದರೆ ಉತ್ತರವಿಲ್ಲ. ಒಂದಲ್ಲ, ಮೂರು ಸಲ. ನನ್ನ ಮೊಬೈಲು ಹಾಲಿನಲ್ಲಿ ಸದ್ದಿಲ್ಲದೆ ಬಿದ್ದಿತ್ತು. ಅವಳು ಅಣ್ಣನಿಗೆ ಫೋನ್ ಮಾಡಿ, ಅವನು ಪಕ್ಕದ ಮನೆಯವರನ್ನು ಎಬ್ಬಿಸಿ, ಅವರು ನಮ್ಮ ಬಾಗಿಲು ಬಡಿದಾಗ ಎರಡು ದಾಟಿತ್ತು. ನನ್ನಾಕೆಗೆ ಬಿ.ಪಿ. ಇದೆ. ಗಾಬರಿಯಲ್ಲಿ ಎದ್ದವಳ ಕೈ ಬೆಳಗಿನವರೆಗೂ ನಡುಗುತ್ತಿತ್ತು. ಮಗಳು ಆ ಕಡೆ ಅಳುತ್ತಿದ್ದಳು. 3,600 ರೂಪಾಯಿ ಉಳಿಸಿದೆನೆಂದು ಬೀಗುತ್ತಿದ್ದವನಿಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ?

ಮರುದಿನವೇ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗ ತಾಳ್ಮೆಯಿಂದ ವಿವರಿಸಿದ. ಟ್ಯಾಬಿನ ಮುಖದಲ್ಲಿ ಎರಡು ಪದರ. ಕೆಳಗಿನದು ಚಿತ್ರ ತೋರಿಸುವ ಡಿಸ್‌ಪ್ಲೇ, ಮೇಲಿನದು ಬೆರಳನ್ನು ಗುರುತಿಸುವ ಟಚ್ ಗಾಜು. ಕೆಲವು ಟ್ಯಾಬುಗಳಲ್ಲಿ ಇವು ಬೇರೆ ಬೇರೆ. ಗಾಜು ಮಾತ್ರ ಒಡೆದಿದ್ದರೆ ಅದೊಂದನ್ನೇ ಬದಲಾಯಿಸಬಹುದು. ಕೆಲವದರಲ್ಲಿ ಎರಡೂ ಅಂಟಿಕೊಂಡಿರುತ್ತವೆ, ಪೂರ್ತಿ ಹಾಕಬೇಕು. ಟಚ್ ಗಾಜಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯುವ ಬಲೆ ಇರುತ್ತದೆ. ಬೆರಳು ತಾಗಿದ ಜಾಗದಲ್ಲಿ ಆ ವಿದ್ಯುತ್ತಿನಲ್ಲಿ ಸ್ವಲ್ಪ ವ್ಯತ್ಯಾಸವಾಗುತ್ತದೆ, ಟ್ಯಾಬಿಗೆ ತಿಳಿಯುತ್ತದೆ. ಪೆನ್ನಿನ ಪ್ಲಾಸ್ಟಿಕ್ ತುದಿಯಿಂದ ಒತ್ತಿ ನೋಡಿ ಮಕ್ಕಳೇ, ಕೇಳುವುದಿಲ್ಲ. ಕಳಪೆ ಗಾಜು ಚಾರ್ಜರಿನಿಂದ ಬರುವ ವಿದ್ಯುತ್ತಿನ ಏರುಪೇರನ್ನೇ ಬೆರಳೆಂದು ತಿಳಿಯುತ್ತದೆ. ನಮ್ಮ ಮನೆಯ ದೆವ್ವ ಅದೇ.

ಎಲ್ಲ ಊರಿನಲ್ಲೂ ಸರ್ವಿಸ್ ಸೆಂಟರ್ ಇರುವುದಿಲ್ಲ. ಸಣ್ಣ ಅಂಗಡಿಯವರೆಲ್ಲ ಮೋಸಗಾರರೂ ಅಲ್ಲ. ಆದರೆ ಅಜ್ಜ ಅಜ್ಜಿಯರೇ, "ಒರಿಜಿನಲ್ಲಾ?" ಎಂದು ಕೇಳಿದರೆ "ಹೌದು" ಎಂದೇ ಹೇಳುತ್ತಾರೆ. ಬೇರೆ ರೀತಿ ಕೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ಟ್ಯಾಬಿನ ಮಾಡೆಲ್ ನಂಬರ್ ಇರುತ್ತದೆ, ಬರೆದುಕೊಂಡು ಹೋಗಿ. ಹೊಸ ಗಾಜಿನ ಪಟ್ಟಿಯಂಥ ಕೇಬಲ್ ಮೇಲೆ ಒಂದು ನಂಬರ್ ಅಚ್ಚಾಗಿರುತ್ತದೆ, ಅದನ್ನು ಹಳೆಯದರ ಜೊತೆ ತಾಳೆ ನೋಡಿ. ತಾಳೆಯಾದ ಮಾತ್ರಕ್ಕೆ ಅಸಲಿ ಎಂದಲ್ಲ, ತಾಳೆಯಾಗದಿದ್ದರೆ ಮಾತ್ರ ಯಾಕೆಂದು ಕೇಳಲೇಬೇಕು. ಕಂಪನಿಯದೇ ಹೊಸದೋ, ಇನ್ನೊಂದು ಟ್ಯಾಬಿನಿಂದ ಬಿಚ್ಚಿದ್ದೋ, ಕಾಪಿಯೋ ಎಂದು ಕೇಳಿ. ಬಿಚ್ಚಿದ ಅಸಲಿ ಗಾಜು ಎಷ್ಟೋ ಸಲ ಹೊಸ ಕಾಪಿಗಿಂತ ಮೇಲು. ಬೆರಳಚ್ಚಿನ ಗುಂಡಿಯಿರುವ ಐಪ್ಯಾಡ್ ಆದರೆ ಹಳೆಯ ಗುಂಡಿಯನ್ನೇ ಹೊಸ ಗಾಜಿಗೆ ಕೂರಿಸಬೇಕು. ಬೇರೆ ಗುಂಡಿ ಹಾಕಿದರೆ ಬೆರಳಚ್ಚು ಕೆಲಸ ಮಾಡದು.

ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಎಷ್ಟು ತಿಂಗಳ ವಾರಂಟಿ ಎಂಬುದನ್ನೂ. ಬಿಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು. ನನ್ನ ಹತ್ತಿರ ಏನಿತ್ತು? ಹೊಳೆಯುವ ಡಬ್ಬಿ.

ಹನ್ನೆರಡು ದಿನ ಕಾದು ಪುಟ್ಟಿಯನ್ನೂ ಕರೆದುಕೊಂಡು ಹೋದೆ. ಒಟ್ಟು ಖರ್ಚು 6,800. ಕೂಡಿಸುವುದು ನನಗೆ ಕಷ್ಟವೇ? ಹುಡುಗ ಗಾಜನ್ನು ಅಂಟಿಸುವ ಮೊದಲು ಕೇಬಲ್ ಮಾತ್ರ ಜೋಡಿಸಿ, "ಪರೀಕ್ಷೆ ಮಾಡಿ ಸಾರ್" ಎಂದ. ಒಂದು ಐಕಾನನ್ನು ಒತ್ತಿ ಹಿಡಿದು ಬೆರಳೆತ್ತದೆ ಪರದೆಯ ಮೂಲೆಮೂಲೆಗೂ ಎಳೆಯಬೇಕು. ಎಲ್ಲಾದರೂ ಕೈಬಿಟ್ಟು ಹೋದರೆ ಅಲ್ಲಿ ಟಚ್ ಸತ್ತಿದೆ ಎಂದರ್ಥ. ಬಿಳಿ ಚಿತ್ರ, ಕಪ್ಪು ಚಿತ್ರ ಹಾಕಿ ಚುಕ್ಕೆಗಳಿವೆಯೇ ಎಂದೂ ನೋಡಿದೆವು. ಚಾರ್ಜರ್ ಸಿಕ್ಕಿಸಿ ಇನ್ನೊಮ್ಮೆ.

ಎಲ್ಲ ಸರಿಯಿದೆ ಎಂದು ನಾನು ತಲೆಯಾಡಿಸಿದೆ. ಪುಟ್ಟಿ ಬಿಡಲಿಲ್ಲ.

"ತಾತ, ಕೆಳಗಿನ ಎಡಮೂಲೆ ನೀನು ನೋಡಲೇ ಇಲ್ಲ" ಎಂದು ತಾನೇ ಬೆರಳಿಟ್ಟು ಎಳೆದಳು. ಐಕಾನು ಅವಳ ಬೆರಳಿಗೆ ಅಂಟಿಕೊಂಡೇ ಹೋಯಿತು. ಆಮೇಲೆ ಆ ಹುಡುಗ ಗೋಂದಿನ ಟ್ಯೂಬು ಬಿಚ್ಚಿದ.