ಕ್ಷ-ಕಿರಣವೂ ನಮ್ಮ ಸೀಮೆಯ ಹೊಟ್ಟೆಬೇನೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಯಾರಿಗಾದರೂ ಹೊಟ್ಟೆಬೇನೆ ಹತ್ತಿ ಬಿಡದಿದ್ದರೆ ಮನೆಯವರು ಆಡುವ ಮಾತು ಒಂದೇ: “ಒಮ್ಮೆ ಸ್ಕ್ಯಾನ್ ಮಾಡಿಸಿಬಿಡ್ರಿ.” ವೈದ್ಯರು ಕೈಯಿಟ್ಟು ನೋಡುವ ಮೊದಲೇ ಸ್ಕ್ಯಾನಿನ ಚೀಟಿ ಬೇಡುವವರುಂಟು. ಅದರಲ್ಲಿ ಏನೂ ಕಾಣದಿದ್ದರೆ ದೇವರಿಗೆ ಕಾಯಿ ಒಡೆಸಿ ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾಗುವುದೇ ನನಗೆ ಅಂಜಿಕೆಯ ವಿಷಯವಾಗಿ ತೋರುತ್ತದೆ.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ಸ್ಪಷ್ಟವಾಗಿ ತೋರಿಸಿತಾದರೂ ಹೊಟ್ಟೆಯ ಮೆತ್ತನೆಯ ಅಂಗಗಳು ಬಹುಕಾಲ ಮಬ್ಬಿನಲ್ಲಿಯೇ ಉಳಿದವು. ಆ ಮಬ್ಬನ್ನು ಸರಿಸಿದವರಲ್ಲಿ ಗ್ಲಾಸ್ಗೋದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್ ಒಬ್ಬರು. ಸಂಕೇಶ್ವರದ ಸಕ್ಕರೆ ಕಾರ್ಖಾನೆಯಲ್ಲಿ ನಾವು ಕಾಣುವಂತಹ ಬಾಯ್ಲರುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ, ಲೋಹದ ಬಿರುಕನ್ನು ಶಬ್ದತರಂಗದಿಂದ ಪತ್ತೆಹಚ್ಚುವ ಯಂತ್ರವಿತ್ತು. 1955ರಲ್ಲಿ ಅವರು ಶಸ್ತ್ರಕ್ರಿಯೆಯಿಂದ ತೆಗೆದ ಗಂಟುಗಳನ್ನು ಮೋಟಾರಿನಲ್ಲಿ ಹಾಕಿಕೊಂಡು ಅಲ್ಲಿಗೇ ಹೋದರು! ಮುಂದೆ, ಹೊಟ್ಟೆಯ ಕ್ಯಾನ್ಸರು ಮಿತಿಮೀರಿದೆ, ಶಸ್ತ್ರಕ್ರಿಯೆ ಸಾಧ್ಯವಿಲ್ಲ ಎಂದು ಕೈಬಿಟ್ಟಿದ್ದ ಒಬ್ಬ ಹೆಂಗಸನ್ನು ಶಬ್ದತರಂಗದಿಂದ ಪರೀಕ್ಷಿಸಿದಾಗ, ಅದು ಅಂಡಾಶಯದ ನೀರುಗಂಟೆಂದು ತಿಳಿಯಿತು. ಅದನ್ನು ತೆಗೆದರು, ಆಕೆ ಬದುಕಿದಳು. 1958ರಲ್ಲಿ ಈ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ತಾಲೂಕು ಊರುಗಳಲ್ಲಿಯೂ ದೊರೆಯುವ ಸೋನೋಗ್ರಫಿಯ ಮೂಲ ಇದು.

ಆದರೆ ಯಂತ್ರವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಜಠರ, ದೊಡ್ಡಕರುಳುಗಳ ಎಳೆಯ ಕ್ಯಾನ್ಸರನ್ನು ಕಾಣಬೇಕಾದರೆ ದುರ್ಬೀನಿನ ನಳಿಕೆಯನ್ನೇ ಒಳಗಿಳಿಸಬೇಕು. ಗರ್ಭಕಂಠದ ಕ್ಯಾನ್ಸರಂತೂ ಆರಂಭದಲ್ಲಿ ಸೋನೋಗ್ರಫಿಗೆ ಸಿಕ್ಕುವುದೇ ಅಪರೂಪ. ತೆಳುವಾದ ಅಸೆಟಿಕ್ ಆಮ್ಲವನ್ನು ಹಚ್ಚಿ ಬರಿಗಣ್ಣಿನಿಂದ ನೋಡುವ ಸಾದಾ ಪರೀಕ್ಷೆ ಅದಕ್ಕಿಂತ ಮೊದಲೇ ಸುಳಿವು ಕೊಡಬಲ್ಲದು. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ರೋಗ ತಗುಲಿದೆ. ಮುಟ್ಟು ನಿಂತ ಮೇಲೆ ರಕ್ತ ಹೋದರೂ ನಾಚಿಕೆಯಿಂದ ಬಾಯಿಬಿಡದ ನಮ್ಮ ತಾಯಂದಿರಿಗೆ ಸ್ಕ್ಯಾನ್ ಏನು ಮಾಡೀತು?

ರೋಗ ಗೊತ್ತಾದ ಮೇಲೆ ಮಾತ್ರ ಈ ಶಾಸ್ತ್ರದ ನಿಜವಾದ ಬೆಲೆ ತಿಳಿಯುತ್ತದೆ. ಗಂಟು ಎಲ್ಲಿಯವರೆಗೆ ಹಬ್ಬಿದೆ, ಕತ್ತರಿಸಬೇಕೋ ಕಿರಣ ಕೊಡಬೇಕೋ ಎಂಬುದನ್ನು ನಿರ್ಧರಿಸಲು ಸಿ.ಟಿ., ಎಂ.ಆರ್.ಐ. ಚಿತ್ರಗಳು ಬೇಕು. ಗಂಟು ಮೂತ್ರನಾಳವನ್ನು ಅದುಮಿ ಮೂತ್ರಪಿಂಡ ಕೆಡತೊಡಗಿದರೆ, ತಜ್ಞರು ಚಿತ್ರವನ್ನು ನೋಡುತ್ತಲೇ ಬೆನ್ನಿನಿಂದ ಸಣ್ಣ ನಳಿಕೆಯೊಂದನ್ನು ಇಳಿಸಿ ಜೀವ ಉಳಿಸುತ್ತಾರೆ.

ಕಿರಣ ಚಿಕಿತ್ಸೆಯನ್ನು ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುತ್ತಾರೆ, ಸುಡುತ್ತಾರೆಂದು ಹೆದರುತ್ತಾರೆ. ಅದು ವಿದ್ಯುತ್ತಿನ ಹೊಡೆತವಲ್ಲ. ಕೊಡುವಾಗ ನೋವೂ ಇಲ್ಲ. ನೋವಿರುವುದು ಬೇರೆಡೆ. ಗರ್ಭಕಂಠದ ಕ್ಯಾನ್ಸರಿಗೆ ವಾರಕ್ಕೆ 5 ದಿನದಂತೆ ಸುಮಾರು 5 ವಾರ ಹೊರಗಿನಿಂದ ಕಿರಣ ಕೊಟ್ಟು, ಅನಂತರ ಒಳಗಿನಿಂದಲೂ ಕೊಡುತ್ತಾರೆ. ಎಲ್ಲವೂ 8 ವಾರಗಳೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ರೋಗ ಮತ್ತೆ ಚಿಗುರುತ್ತದೆ. ಬೆಳಗಾವಿಯಲ್ಲಿ 2025ರ ಜನವರಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಯಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಸಂಸ್ಥೆ ಮೊದಲಿನಿಂದಲೂ ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸಿನ ಖರ್ಚೂ ಇಲ್ಲ. ಆದರೂ ಕಬ್ಬಿನ ಹಂಗಾಮಿನಲ್ಲಿ ಕೂಲಿ ಬಿಟ್ಟು 5 ವಾರ ಜೊತೆಗೆ ಹೋಗುವವರಾರು? ಉಳಿಯುವುದೆಲ್ಲಿ? ಹೊಸ ಯಂತ್ರಕ್ಕೆ ದೇಣಿಗೆ ಕೊಡುವ ಧನಿಕರು ಆಸ್ಪತ್ರೆಯ ಪಕ್ಕದಲ್ಲೊಂದು ಧರ್ಮಶಾಲೆಯನ್ನೂ ಕಟ್ಟಿಸಿದರೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರು ಕಡಿಮೆಯಾದಾರು.

ಇನ್ನೊಂದು ಮಾತು. ಸ್ಕ್ಯಾನಿನ ವರದಿ ಇಂಗ್ಲಿಷಿನಲ್ಲಿರುತ್ತದೆ. ಅದು ಮಗನ ಕೈಗೆ ಹೋಗುತ್ತದೆ, ತಾಯಿ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಕಾಲೇಜು ಮೆಟ್ಟಿಲು ಹತ್ತಿದ ನಾವು ಆಕೆಯನ್ನು ಒಳಗೆ ಕರೆದೊಯ್ದು, ಅದರಲ್ಲೇನಿದೆಯೆಂದು ಕನ್ನಡದಲ್ಲಿ ಹೇಳಿರೆಂದು ವೈದ್ಯರನ್ನು ಕೇಳಬಹುದಲ್ಲವೆ? ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.