ಚಿತ್ರದೊಳಗಿನ ಮನುಷ್ಯ

ಪ್ರವಾಸದಿಂದ ಮರಳಿದವರು ಹಳ್ಳಿಯ ಹಾದಿಯಲ್ಲಿ ತೆಗೆದ ಛಾಯಾಚಿತ್ರಗಳನ್ನು ಗೆಳೆಯರ ಮುಂದಿಡುವುದುಂಟು. ನೋಡಿದವರು ಬೆಳಕು, ನೆರಳುಗಳ ಗುಣದೋಷಗಳನ್ನು ವಿವೇಚಿಸುತ್ತಾರೆ. ಅಷ್ಟು ಮಾತ್ರವೇ ವಿಮರ್ಶೆಯಾಗಲಾರದು.

1936ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೊಮೊ ಬಳಿ ಬಟಾಣಿ ಕೀಳುವ ಕೂಲಿಕಾರರ ಬಿಡಾರದ ಫಲಕವನ್ನು ಕಂಡರು. ಸುಮಾರು 20 ಮೈಲಿ ಮುಂದೆ ಸಾಗಿದವರು ಮನಸ್ಸು ತಡೆಯದೆ ಹಿಂದಿರುಗಿದರು. ಅಲ್ಲಿ ಮಕ್ಕಳೊಡನೆ ಕುಳಿತಿದ್ದ ತಾಯಿಯೊಬ್ಬರ ಚಿತ್ರಗಳನ್ನು ತೆಗೆದರು. ಅವು ಪತ್ರಿಕೆಯಲ್ಲಿ ಪ್ರಕಟವಾಗಲು, ಸರ್ಕಾರವು ಬಿಡಾರಕ್ಕೆ ಆಹಾರವನ್ನು ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಕೆಲಸವನ್ನರಸಿ ಬೇರೆಡೆಗೆ ಹೋಗಿದ್ದರು. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. ಅದು ಲೋಕಕ್ಕೆ ತಿಳಿದುದು 1978ರಲ್ಲಿ. ಜಗತ್ಪ್ರಸಿದ್ಧವಾದ ಆ ಚಿತ್ರದಿಂದ ತನಗೆ ಬಿಡಿಗಾಸೂ ಬರಲಿಲ್ಲವೆಂದು ಆಕೆ ನೊಂದು ನುಡಿದರು.

ಆ ಚಿತ್ರ ಹಲವರ ಹಸಿವನ್ನು ನೀಗಿತೆಂಬುದು ನಿಜ. ಆದರೂ ಋಣ ತೀರಲಿಲ್ಲ. ಚಿತ್ರವನ್ನು ಒರೆಗೆ ಹಚ್ಚುವವರು ಬೆಳಕಿನ ಮಾತಿಗೆ ಮೊದಲು ಇವರ ಹೆಸರೇನು, ಇವರು ಒಪ್ಪಿದರೇ ಎಂದು ಕೇಳುವುದೇ ನ್ಯಾಯ.