ಫೋರ್ಟ್‌ನ ಸಣ್ಣ ಖೋಲಿಗಳ ನಿವಾಸಿಗಳ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಬೃಹನ್ಮುಂಬಯಿ ಮಹಾನಗರಪಾಲಿಕೆ,
ಮಹಾಪಾಲಿಕಾ ಮಾರ್ಗ, ಫೋರ್ಟ್, ಮುಂಬಯಿ – 400 001

ಪ್ರತಿಗಳು:
1. ಪ್ರಧಾನ ಕಾರ್ಯದರ್ಶಿಗಳು, ನಗರಾಭಿವೃದ್ಧಿ ಇಲಾಖೆ, ಮಹಾರಾಷ್ಟ್ರ ಸರ್ಕಾರ
2. ಮುಖ್ಯ ಅಧಿಕಾರಿಗಳು, ಮುಂಬಯಿ ಕಟ್ಟಡ ದುರಸ್ತಿ ಮತ್ತು ಪುನರ್‌ನಿರ್ಮಾಣ ಮಂಡಳಿ, ಮ್ಹಾಡಾ (ಮಹಾರಾಷ್ಟ್ರ ವಸತಿ ಮತ್ತು ಪ್ರದೇಶಾಭಿವೃದ್ಧಿ ಪ್ರಾಧಿಕಾರ)
3. ಸಹಾಯಕ ಆಯುಕ್ತರು, ಎ ವಾರ್ಡ್

ಇವರಿಂದ:
ಬೋರಾ ಬಜಾರ್, ಬಜಾರ್‌ಗೇಟ್, ಮೋದಿ ಸ್ಟ್ರೀಟ್ ಮತ್ತು ಪೆರಿನ್ ನರಿಮನ್ ಸ್ಟ್ರೀಟ್ ಪರಿಸರದ ಕನ್ನಡಿಗ ಬಾಡಿಗೆದಾರರು, ಅವರ ಖೋಲಿಗಳಲ್ಲಿ ಜೊತೆಗಿರುವವರು ಹಾಗೂ ಹೋಟೆಲ್ ಕಾರ್ಮಿಕರು

ವಿಷಯ: ಫೋರ್ಟ್‌ನ ಸಣ್ಣ ವಾಸದ ಕೋಣೆಗಳಿಗೆ ಅಭಿವೃದ್ಧಿ ನಿಯಮಾವಳಿ 2034ರಲ್ಲಿ ನ್ಯಾಯಯುತ ಸ್ಥಾನ ನೀಡುವ ಬಗ್ಗೆ, ಹಾಗೂ ಬಾಡಿಗೆ ರಸೀದಿ ಇಲ್ಲದ ನಿವಾಸಿಗಳನ್ನು ಪುನರ್ವಸತಿಯಲ್ಲಿ ಎಣಿಕೆಗೆ ತರುವ ಬಗ್ಗೆ

ಮಾನ್ಯರೇ,

ಮೇಲ್ಕಾಣಿಸಿದ ವಿಷಯದಲ್ಲಿ ನಾವು ತಮ್ಮ ಗಮನಕ್ಕೆ ತರಬಯಸುವುದು ಇಷ್ಟು. ಫೋರ್ಟ್ ಎಂದರೆ ಬ್ಯಾಂಕು, ಕಚೇರಿ, ನ್ಯಾಯಾಲಯಗಳ ಪ್ರದೇಶ ಎಂದೇ ನಕ್ಷೆಗಳು ತೋರಿಸುತ್ತವೆ. ಆದರೆ ಕಚೇರಿಗಳು ಬಾಗಿಲು ಹಾಕಿದ ಮೇಲೂ ಇಲ್ಲಿ ಸಾವಿರಾರು ಜನ ಉಳಿಯುತ್ತಾರೆ. ಹಗಲಿಡೀ ಆ ಕಚೇರಿಗಳಿಗೆ ಚಹಾ, ತಿಂಡಿ, ಊಟ ಒದಗಿಸಿದವರು ಅವರಲ್ಲಿ ಬಹಳಷ್ಟು ಮಂದಿ. ಈ ಮನವಿ ಅವರ ವಸತಿಯನ್ನು ಕುರಿತದ್ದು.

ಹಿನ್ನೆಲೆ

1860ರ ದಶಕದಲ್ಲಿ ಕೋಟೆಯ ಗೋಡೆ ಕೆಡವಿದರೂ ಉತ್ತರ ಫೋರ್ಟ್‌ನ ಗಲ್ಲಿಗಳು ಗೋಡೆಯೊಳಗಿನ ಊರಿನ ಅಳತೆಯಲ್ಲೇ ಉಳಿದವು. ನಿವೇಶನ ಕಿರಿದು, ಕಟ್ಟಡ ಒತ್ತೊತ್ತು, ಮಾಳಿಗೆಯ ಮೇಲೆ ಮಾಳಿಗೆ. ಕಳೆದ ಶತಮಾನದ ಆರಂಭದಿಂದಲೇ ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗರು ಈ ಮಾಳಿಗೆಗಳಿಗೆ ಬಂದು ಸೇರಿದರು. ಆ ಕರಾವಳಿಯ ಮೊಗವೀರ ಸಮುದಾಯದ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಮುಂಬಯಿಯಲ್ಲಿ ಹುಟ್ಟಿತು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ರಾತ್ರಿ ಊರಿನವರ ರೂಮಿನಲ್ಲಿ ಮಲಗಿ ಬೆಳೆದ ತಲೆಮಾರುಗಳು ಈ ನಗರಕ್ಕೆ ಹೋಟೆಲಿಗರನ್ನು, ವಕೀಲರನ್ನು, ಶಿಕ್ಷಕರನ್ನು ಕೊಟ್ಟಿವೆ.

ಆ ರೂಮುಗಳು ಇಂದಿಗೂ ಇವೆ. ಹತ್ತಕ್ಕೆ ಹತ್ತರ ಖೋಲಿ, ಮೂಲೆಯಲ್ಲಿ ಮೋರಿ, ಗೋಡೆಯುದ್ದಕ್ಕೂ ಹೆಸರು ಬರೆದ ಟ್ರಂಕುಗಳು, ಮೇಲೆ ಪೋಟ್‌ಮಾಳಿಗೆ ಎನ್ನುವ ಅಟ್ಟ, ಶೌಚಾಲಯ ವರಾಂಡದ ಕೊನೆಯಲ್ಲಿ, ಇಡೀ ಮಹಡಿಗೆ ಸೇರಿ. ಬೆಳಗಿನ ನಾಲ್ಕಕ್ಕೆ ಇಡ್ಲಿ ಹಿಟ್ಟಿನ ಕೆಲಸಕ್ಕೆ ಎದ್ದವನ ಚಾಪೆಯ ಮೇಲೆ, ತಡರಾತ್ರಿ ಗಲ್ಲಾ ಮುಚ್ಚಿ ಬಂದವನು ಮಲಗುತ್ತಾನೆ. ಬಾಡಿಗೆ ರಸೀದಿ ಮಾತ್ರ ಒಬ್ಬರ ಹೆಸರಿನಲ್ಲಿ, ಅದೂ ಎಷ್ಟೋ ಸಲ ಊರಿಗೆ ಮರಳಿದ ಅಥವಾ ತೀರಿಹೋದ ಹಿರಿಯರ ಹೆಸರಿನಲ್ಲಿ. ಉಳಿದವರು ಖರ್ಚು ಹಂಚಿಕೊಂಡು ಇರುವವರು. ಯಾವ ದಾಖಲೆಯಲ್ಲೂ ಅವರಿಲ್ಲ.

ನಮ್ಮ ಅಹವಾಲು

ಒಂದು, ಅಳತೆಯ ಪ್ರಶ್ನೆ. ನಿಯಮಾವಳಿಯ ಪ್ರಕಾರ ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಗಲ 2.4 ಮೀಟರ್‌ಗೆ ಕಡಿಮೆಯಾಗಬಾರದು. ಹತ್ತಕ್ಕೆ ಹತ್ತಡಿಯ ಖೋಲಿ 9.29 ಚದರ ಮೀಟರ್. ಅಂದರೆ ಹೊಸದಾಗಿ ಕಟ್ಟುವಾಗ ಎರಡೂಕಾಲು ಚದರಡಿಯ ಕೊರತೆಗೆ ಅದು ವಾಸಯೋಗ್ಯವಲ್ಲ ಎನಿಸಿಕೊಳ್ಳುತ್ತದೆ. ಅದೇ ನಿಯಮಾವಳಿ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿ ನಿಲಯದಲ್ಲಿ ಒಬ್ಬರ ಕೋಣೆಗೆ 7.5 ಚದರ ಮೀಟರ್ ಸಾಕೆನ್ನುತ್ತದೆ. ಓದುವ ಹುಡುಗನಿಗೆ ಸಾಕಾಗುವ ಜಾಗ, ಅದೇ ವಯಸ್ಸಿನ ದುಡಿಯುವ ಹುಡುಗನಿಗೆ ಏಕೆ ಸಾಲದು? ಫ್ರಾನ್ಸ್ 2002ರ ಜನವರಿಯಲ್ಲಿ ಹೊರಡಿಸಿದ ಆದೇಶದಲ್ಲಿ 9 ಚದರ ಮೀಟರ್ ಮತ್ತು 2.20 ಮೀಟರ್ ಎತ್ತರವಿದ್ದರೆ ಮುಖ್ಯ ಕೋಣೆಯ ಅಳತೆಗೆ ಸಾಕೆಂದಿದೆ. ಜೊತೆಗೆ ಬೆಳಕು, ನೀರು, ಸುರಕ್ಷತೆಯ ಷರತ್ತುಗಳನ್ನು ವಿಧಿಸಿದೆ. ನಾವು ಕೇಳುವುದೂ ಅದನ್ನೇ: ಕೋಣೆ ವಾಸಯೋಗ್ಯವೇ ಎಂಬುದನ್ನು ಗಾಳಿ, ಬೆಳಕು, ನೀರು, ಶೌಚ, ಬೆಂಕಿಯಿಂದ ಪಾರಾಗುವ ದಾರಿಗಳನ್ನೂ ಪರಿಗಣಿಸಿ ತೀರ್ಮಾನಿಸಲಿ.

ಎರಡು, ಎಣಿಕೆಯ ಪ್ರಶ್ನೆ. ದುರಸ್ತಿ ಸೆಸ್ ತೆರುವ ಹಳೆಯ ಕಟ್ಟಡಗಳ, ಅಂದರೆ ಸೆಸ್ ಕಟ್ಟಡಗಳ, ಪುನರಭಿವೃದ್ಧಿಗೆ ಇರುವ 33(7)ನೇ ನಿಯಮ ಪ್ರತಿ ಅರ್ಹ ಬಾಡಿಗೆದಾರನಿಗೆ ಕನಿಷ್ಠ 300 ಚದರಡಿಯ ಮನೆ ಕೊಡುತ್ತದೆ. ಇದು ಒಳ್ಳೆಯ ನಿಯಮ, ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ 13 ಜೂನ್ 1996ರ ನಂತರ ಹುಟ್ಟಿದ ಬಾಡಿಗೆ ಹಕ್ಕನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ, ರಸೀದಿಯೊಂದಕ್ಕೆ ಮನೆಯೊಂದು. ಹೀಗಾಗಿ ಖೋಲಿಯಲ್ಲಿ ಆರು ಮಂದಿ ಇದ್ದರೂ ಐವರು ಕಟ್ಟಡ ಬಿದ್ದ ದಿನವೇ ನಿರಾಶ್ರಿತರು. ಹಿಂದೆ 1973ರಲ್ಲಿ ಮಹಾರಾಷ್ಟ್ರದ ಶಾಸನಸಭೆ ಬಾಡಿಗೆ ಕಾಯ್ದೆಗೆ ತಿದ್ದುಪಡಿ ತಂದು, ಆ ವರ್ಷದ ಫೆಬ್ರವರಿ 1ರಂದು ಪರವಾನಗಿಯ ಮೇಲೆ ವಾಸವಿದ್ದವರಿಗೆ ಬಾಡಿಗೆದಾರರ ರಕ್ಷಣೆ ನೀಡಿತ್ತು. ಕಾಗದದಲ್ಲಿ ಇಲ್ಲದವರನ್ನು ಕಾನೂನಿನೊಳಗೆ ತಂದುಕೊಳ್ಳುವುದು ಈ ರಾಜ್ಯಕ್ಕೆ ಹೊಸತಲ್ಲ.

ಮೂರು, ಜೀವದ ಪ್ರಶ್ನೆ. 2020ರ ಜುಲೈ 16ರಂದು, ಮಳೆಯಲ್ಲಿ, ಜಿಪಿಒ ಸಮೀಪದ ಭಾನುಶಾಲಿ ಕಟ್ಟಡದ ಭಾಗ ಕುಸಿದು 10 ಮಂದಿ ಸತ್ತರು. ಅದು ನಮ್ಮದೇ ಗಲ್ಲಿಗಳ ಬದಿಯಲ್ಲಿ ನಡೆದದ್ದು. 1969ರ ಕಟ್ಟಡ ದುರಸ್ತಿ ಮಂಡಳಿ ಕಾಯ್ದೆ ಬಂದಂದಿನಿಂದ ಈ ಕಟ್ಟಡಗಳ ಮೇಲೆ ದುರಸ್ತಿ ಸೆಸ್ ಇದೆ. ಪ್ರತಿ ಮಳೆಗಾಲಕ್ಕೆ ಮೊದಲು ಅಪಾಯಕಾರಿ ಕಟ್ಟಡಗಳ ಪಟ್ಟಿಯೂ ಬರುತ್ತದೆ. ಆದರೂ ಸಿ-1, ಅಂದರೆ ಅತಿ ಅಪಾಯಕಾರಿ ಎಂಬ ನೋಟಿಸು ಅಂಟಿಸಿದ ಕಟ್ಟಡವನ್ನು ಬಿಡಲು ಜನ ಹೆದರುತ್ತಾರೆ. ಸಂಕ್ರಮಣ ಶಿಬಿರಕ್ಕೆ (ಟ್ರಾನ್ಸಿಟ್ ಕ್ಯಾಂಪ್) ಹೋದವರು ದಶಕಗಟ್ಟಲೆ ಅಲ್ಲೇ ಉಳಿದದ್ದನ್ನು ಎಲ್ಲರೂ ಕಂಡಿದ್ದಾರೆ. ದೂರದ ಉಪನಗರ ಗೋರೆಗಾಂವ್‌ನ ಶಿಬಿರದಲ್ಲಿ ಮಲಗಿದವನು ನಾಲ್ಕು ಗಂಟೆಯ ಪಾಳಿಗೆ ಫೋರ್ಟ್ ಮುಟ್ಟಲಾರ. ಆ ಹೊತ್ತಿಗೆ ತಲುಪಿಸುವ ಲೋಕಲ್ ರೈಲು ಸಿಗುವುದಿಲ್ಲ. ಮನೆ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಜೀವ ಹೋಗುತ್ತದೆ ಎಂಬ ಸ್ಥಿತಿಯಲ್ಲಿ ಯಾರನ್ನೂ ಇಡಬಾರದು.

ನಾಲ್ಕು, ಪಾರಂಪರಿಕ ಪ್ರದೇಶದ ಪ್ರಶ್ನೆ. ಫೋರ್ಟ್ ಪಾರಂಪರಿಕ ಪ್ರದೇಶ. 2018ರಲ್ಲಿ ಯುನೆಸ್ಕೊ ಇಲ್ಲಿನ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನಮಗೂ ಹೆಮ್ಮೆಯೇ. ಆದರೆ ಎತ್ತರಕ್ಕೆ ಮಿತಿ, ನಿವೇಶನ ಕಿರಿದು, ಬಾಡಿಗೆದಾರರು ಹೆಚ್ಚು. ಆದ್ದರಿಂದ ಲಾಭ ಕಾಣದ ಬಿಲ್ಡರು ಇತ್ತ ಸುಳಿಯುವುದಿಲ್ಲ, ಹಳೆಯ ಬಾಡಿಗೆಯಲ್ಲಿ ಮಾಲೀಕರು ದುರಸ್ತಿಗೆ ಕೈಹಾಕುವುದಿಲ್ಲ. ಮುಂಭಾಗದ ಕೆತ್ತನೆಯಷ್ಟೇ ಅದರ ಹಿಂದೆ ಬದುಕುವ ಜನವೂ ಈ ಪರಂಪರೆಯ ಭಾಗವೆಂದು ನಾವು ನಂಬಿದ್ದೇವೆ.

ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಪೋಟ್‌ಮಾಳಿಗೆಯನ್ನು ಮನೆಯೆಂದು ಒಪ್ಪಿಕೊಳ್ಳಿ ಎಂದು ನಾವು ಕೇಳುತ್ತಿಲ್ಲ. ನಿಯಮದಲ್ಲಿ ಅದು ಒಂದೂವರೆ ಮೀಟರ್ ಎತ್ತರ ಮೀರದ, ಸಾಮಾನು ಇಡುವ ಜಾಗ. ಅಲ್ಲಿ ಮನುಷ್ಯರು ಮಲಗುವ ಸ್ಥಿತಿ ಕೊನೆಗೊಳ್ಳಬೇಕು. ಅಸುರಕ್ಷಿತ ಕಟ್ಟಡಕ್ಕೆ ವಿನಾಯಿತಿಯನ್ನೂ ಕೇಳುತ್ತಿಲ್ಲ. ಸುರಕ್ಷಿತವಾದ, ಸಣ್ಣದಾದ, ದುಡಿಮೆಯ ಜಾಗಕ್ಕೆ ಹತ್ತಿರವಾದ ವಸತಿ ಕಾನೂನುಬದ್ಧವಾಗಿ ಸಿಗಲಿ ಎಂಬುದಷ್ಟೇ ನಮ್ಮ ಕೋರಿಕೆ.

ನಮ್ಮ ಬೇಡಿಕೆಗಳು

1. ವಿದ್ಯಾರ್ಥಿ ನಿಲಯಕ್ಕೆ ಅನ್ವಯವಾಗುವ 7.5 ಚದರ ಮೀಟರ್ ಮಿತಿಯನ್ನು ಕಾರ್ಮಿಕರ ಏಕವ್ಯಕ್ತಿ ಬಾಡಿಗೆ ಕೋಣೆಗಳಿಗೂ ವಿಸ್ತರಿಸಬೇಕು. ಕಿಟಕಿ, ನೀರು, ಶೌಚಾಲಯ ಮತ್ತು ತುರ್ತು ನಿರ್ಗಮನ ಕಡ್ಡಾಯವಾಗಿರಬೇಕು. ಒಂದು ಕೋಣೆಗೆ ಒಬ್ಬರೇ ಎಂಬ ಷರತ್ತೂ ಇರಬೇಕು. ಈಗಿನ ಬಾಡಿಗೆದಾರರಿಗೆ ದೊರೆಯುವ 300 ಚದರಡಿಯ ಹಕ್ಕನ್ನು ಈ ನೆಪದಲ್ಲಿ ಕಡಿತಗೊಳಿಸಬಾರದು.

2. ಎ ವಾರ್ಡಿನ ಸೆಸ್ ಕಟ್ಟಡಗಳಲ್ಲಿ ನಿಜವಾಗಿ ವಾಸವಿರುವ ಎಲ್ಲರ ಸಮೀಕ್ಷೆಯನ್ನು ಪಾಲಿಕೆ ಮತ್ತು ಮ್ಹಾಡಾ ಜಂಟಿಯಾಗಿ ನಡೆಸಬೇಕು. ಹಗಲು ಪಾಳಿಯವರೂ ರಾತ್ರಿ ಪಾಳಿಯವರೂ ಸಿಗುವಂತೆ ಎರಡು ಹೊತ್ತು ಬರಬೇಕು. ಮತದಾರರ ಚೀಟಿ, ರೇಷನ್ ಕಾರ್ಡು, ವೇತನ ದಾಖಲೆ, ರಾತ್ರಿ ಶಾಲೆಯ ಪ್ರಮಾಣಪತ್ರಗಳನ್ನು ವಾಸದ ಪುರಾವೆಯಾಗಿ ಒಪ್ಪಬೇಕು.

3. 1996ರ ಗಡುವಿನ ಹೊರಗೆ ಉಳಿದವರಿಗೆ ಒಡೆತನದ ಮನೆ ಕೊಡಲಾಗದಿದ್ದರೆ, ಅದೇ ವಾರ್ಡಿನಲ್ಲಿ ಕೈಗೆಟುಕುವ ಬಾಡಿಗೆ ವಸತಿಯ ಹಕ್ಕನ್ನಾದರೂ ನೀಡಬೇಕು.

4. ಪಾಲಿಕೆ ಕಾಯ್ದೆಯ 354ನೇ ಕಲಮಿನಡಿ ಕಟ್ಟಡ ತೆರವು ಮಾಡಿಸುವ ಮೊದಲು ಪ್ರತಿ ನಿವಾಸಿಗೂ ಹೆಸರು, ಖೋಲಿ ಮತ್ತು ವಿಸ್ತೀರ್ಣ ನಮೂದಿಸಿದ ಪ್ರಮಾಣಪತ್ರ ಕೊಡಬೇಕು. ಸಂಕ್ರಮಣ ವಸತಿಯನ್ನು ದ್ವೀಪನಗರದೊಳಗೇ ಒದಗಿಸಬೇಕು. ಮರಳುವ ಅವಧಿಯನ್ನು ಬರಹದಲ್ಲಿ ಖಚಿತಪಡಿಸಬೇಕು.

5. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಾಡಿಗೆ ವಸತಿ ವಿಭಾಗದಡಿ, ಎ ವಾರ್ಡಿನಲ್ಲಿರುವ ಸಾರ್ವಜನಿಕ ಜಮೀನು ಅಥವಾ ಖಾಲಿ ಬಿದ್ದ ಸರ್ಕಾರಿ ಕಟ್ಟಡದಲ್ಲಿ ಹೋಟೆಲ್ ಮತ್ತು ಅಂಗಡಿ ಕಾರ್ಮಿಕರಿಗೆ ವಸತಿಗೃಹ ಕಟ್ಟಬೇಕು. ಮಹಿಳಾ ಕಾರ್ಮಿಕರಿಗೆ ಪ್ರತ್ಯೇಕ ಭಾಗ ಇರಬೇಕು.

6. ಎತ್ತರದ ಮಿತಿಯಿಂದಾಗಿ ಫೋರ್ಟ್‌ನಲ್ಲಿ ಬಳಸಲಾಗದ ಕಟ್ಟಡ ವಿಸ್ತೀರ್ಣದ ಹಕ್ಕನ್ನು ಅಂದರೆ ಎಫ್‌ಎಸ್‌ಐಯನ್ನು ಬೇರೆಡೆಗೆ ವರ್ಗಾಯಿಸುವ ಸರಳ ಮಾರ್ಗವನ್ನು ಸಣ್ಣ ನಿವೇಶನಗಳ ಬಾಡಿಗೆದಾರರ ಸಹಕಾರ ಸಂಘಗಳಿಗೆ ಖಚಿತಪಡಿಸಬೇಕು.

7. ಇವುಗಳಿಗೆ ಬೇಕಾದ ತಿದ್ದುಪಡಿಯನ್ನು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 37ನೇ ಕಲಮಿನಂತೆ ಪ್ರಕಟಿಸಿ, ಸಲಹೆ ಮತ್ತು ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಕರಡನ್ನು ಪ್ರತಿ ಸೆಸ್ ಕಟ್ಟಡದ ಬಾಗಿಲಲ್ಲಿ ಅಂಟಿಸಬೇಕು. ಜಾಲತಾಣ ನೋಡಲು ಪುರುಸೊತ್ತಿಲ್ಲದವರೇ ನಮ್ಮಲ್ಲಿ ಹೆಚ್ಚು.

ಕೋರಿಕೆ

ಮಾನ್ಯರೇ, ತಮ್ಮ ಕಚೇರಿಯಿಂದ ಬೋರಾ ಬಜಾರ್‌ಗೆ ಕೆಲವೇ ನಿಮಿಷಗಳ ಕಾಲ್ನಡಿಗೆ. ತಾವೇ ಬಂದು, ಇಲ್ಲವೇ ಜವಾಬ್ದಾರಿಯುತ ಅಧಿಕಾರಿಗಳನ್ನು ಕಳುಹಿಸಿ, ಈ ಖೋಲಿಗಳನ್ನು ಪರಿಶೀಲಿಸಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ನಮ್ಮ ಪ್ರತಿನಿಧಿಗಳನ್ನು ಕರೆದು ಅಹವಾಲು ಆಲಿಸಬೇಕು. ಪ್ರತಿ ಬೇಡಿಕೆಗೂ ಲಿಖಿತ ಉತ್ತರ ನೀಡಬೇಕು. ಈ ನಗರದಲ್ಲಿ ದುಡಿಯುವವರಿಗೆ ಈ ನಗರದಲ್ಲೇ ಮಲಗುವ ಹಕ್ಕು ಇರಬೇಕೆಂದು ವಿನಯದಿಂದಲೂ ದೃಢವಾಗಿಯೂ ಒತ್ತಾಯಿಸುತ್ತೇವೆ.

ಈ ಮನವಿಯ ಮರಾಠಿ ಪ್ರತಿಯನ್ನು ಲಗತ್ತಿಸಿದೆ.



ತಮ್ಮ ವಿಶ್ವಾಸಿಗಳು,
ಫೋರ್ಟ್ ಪರಿಸರದ ಕನ್ನಡಿಗ ನಿವಾಸಿಗಳು ಮತ್ತು ಹೋಟೆಲ್ ಕಾರ್ಮಿಕರ ಪರವಾಗಿ

ಸ್ಥಳ: ಫೋರ್ಟ್, ಮುಂಬಯಿ